ಬೆಳ್ಳಿಯ ವಿಮಾನವನ್ನು ಸ್ವಾಮಿಯಿಂದ ವಾಪಸ್ ಪಡೆದೆ

೧೯೮೨ರ ಬೇಸಿಗೆಯಲ್ಲಿ ನನ್ನ ಯಜಮಾನರಿಗೆ ಎರಡನೇ ಸಲವೂ ಬಡ್ತಿ ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಇದ್ದ ಹುದ್ದೆಯಲ್ಲೇ ನಿವೃತ್ತಿ. ವೀರಭದ್ರಸ್ವಾಮಿಯ ಒಕ್ಕಲಿನವರೇ, ಗುಡಿಯ ಈ ಪತ್ರಿಕೆಗೆ ನೀವೆಲ್ಲ ಸ್ವಾಮಿಯ ಮುಂದೆ ಅತ್ತು ಬೇಡಿಕೊಂಡದ್ದನ್ನು ಬರೆಯುತ್ತೀರಿ. ನಾನು ಜಗಳವಾಡಿದ್ದನ್ನು ಬರೆಯುತ್ತೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ, ನನಗೇನು ಕಡಿಮೆ ಬಂದಿತ್ತೆ?

ಯಜಮಾನರು ಮಿಲಿಟರಿಯ ವಾಯುಪಡೆಯಲ್ಲಿ ಆಫೀಸರು. ವಿಮಾನ ಓಡಿಸಲೆಂದೇ ಸೇರಿದವರು. ತರಬೇತಿಯ ನಡುವೆ ಕಿವಿಯ ದೋಷ ಕಂಡಿತೆಂದು ಹಾರಾಟ ಬಿಡಿಸಿ ಕ್ಷಿಪಣಿ ದಳಕ್ಕೆ ಹಾಕಿದರು. ಶತ್ರುವಿನ ವಿಮಾನ ಬಂದರೆ ನೆಲದಿಂದಲೇ ಹೊಡೆದುರುಳಿಸುವ ದಳ ಅದು. ಅಲ್ಲಿನ ಒಂದೊಂದು ಯಂತ್ರವೂ ಇವರಿಗೆ ಬಾಯಿಪಾಠ. ಆದರೆ ಮುಖ್ಯಸ್ಥರಾಗಿ ಬರುತ್ತಿದ್ದವರು ಮಾತ್ರ ಎದೆಯ ಮೇಲೆ ರೆಕ್ಕೆಯ ಬಿಲ್ಲೆ ಇದ್ದ ಪೈಲಟ್‌ಗಳೇ. ಬಂದವರಿಗೆ ಇವರು ಅಆಇಈಯಿಂದ ಹೇಳಿಕೊಡಬೇಕು. ಅವರು ಕಲಿತು, ಬಡ್ತಿ ಪಡೆದು ಹೋಗಬೇಕು. ಮತ್ತೊಬ್ಬರು ಬರಬೇಕು. ಪಾರ್ಟಿಗಳಲ್ಲಿ ಅವರ ಹೆಂಡಂದಿರು ನನ್ನನ್ನು, "ಓಹ್, ನಿಮ್ಮವರು ನೆಲದವರಲ್ಲವೇ?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಊರುಗಳಲ್ಲಿ ಮಾತ್ರ ಇವರು ಪೈಲಟ್ಟೇ. ನಮ್ಮ ಕಡೆ ಕಣ್ಣು ವಾಸಿಯಾದರೆ ಬೆಳ್ಳಿಯ ಕಣ್ಣು, ಮಗುವಾದರೆ ಬೆಳ್ಳಿಯ ತೊಟ್ಟಿಲು ಒಪ್ಪಿಸುತ್ತೇವಲ್ಲ, ಹಾಗೆ ಮಗ ಆಯ್ಕೆಯಾದ ದಿನವೇ ಅತ್ತೆ ಗೇಣುದ್ದದ ಬೆಳ್ಳಿಯ ವಿಮಾನ ಮಾಡಿಸಿ, ಹೊನ್ನಾಳಿ ಹತ್ತಿರದ ನಮ್ಮ ಸ್ವಾಮಿಯ ಗುಡಿಯಲ್ಲಿ ತೂಗುಹಾಕಿಸಿದ್ದರು. ಕಿವಿಯ ವಿಷಯ ತಿಳಿದ ಮೇಲೂ ಅದನ್ನು ಇಳಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಮದುವೆಯಾಗಿ ಬಂದ ನಾನೂ ಹೇಳಲಿಲ್ಲ. ನ್ಯಾಮತಿಯ ತವರಿನಲ್ಲಿ, ಜಗಳೂರಿನ ಅಕ್ಕನ ಮನೆಯಲ್ಲಿ, ಯಾರೇ ಕೇಳಲಿ, "ಹೂಂ, ವಿಮಾನ ಓಡಿಸ್ತಾರೆ" ಎಂದುಬಿಡುತ್ತಿದ್ದೆ.

ಆ ಬೇಸಿಗೆ ಯಜಮಾನರು ನನ್ನನ್ನು ಕರೆದುಕೊಂಡು ರಜೆಯ ಮೇಲೆ ಚನ್ನಗಿರಿಯ ಅತ್ತೆಯ ಮನೆಗೆ ಬಂದರು. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಟ್ರಂಕಿನಲ್ಲಿ ಒಂದು ಕಾಗದ ಇಡುತ್ತ, "ರಾಜೀನಾಮೆ ಬರ್ದಿದೀನಿ. ಸೋಮವಾರ ಅಂಚೆಗೆ ಹಾಕ್ತೀನಿ" ಎಂದರು.

"ನಾಚ್ಕೆ ಆಗಲ್ವೇನ್ರೀ, ಹಿಂಗೆ ಬಿಟ್ಟು ಬರಾಕೆ?" ಎಂದೆ.

"ಹದಿನಾಲ್ಕು ವರ್ಷ ನಾಚ್ಕೆ ಪಟ್ಕಂಡೇ ಬದುಕಿದೀನಿ. ಸಾಕು" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಮರುದಿನ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಹೊನ್ನಾಳಿ ಬಸ್ಸು ಹತ್ತಿದೆ. ಕೂರಲು ಜಾಗವಿಲ್ಲ, ಕಂಬಿ ಹಿಡಿದು ನಿಂತೇ ಹೋದೆ. ಬೇಡಿಕೊಳ್ಳಬೇಕೆಂದೇ ಹೊರಟಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಗುಡಿಯಲ್ಲಿ ಪೂಜೆ ಮಾಡುವ ಅಯ್ಯನವರು ನಗುತ್ತ, "ವಿಮಾನದ ಸಾಹೇಬ್ರ ಹೆಸರಲ್ಲಿ ಅರ್ಚನೆ ಮಾಡಾದೇನಮ್ಮಾ?" ಎಂದು ಕೇಳಿದ್ದೇ ತಡ, ನನ್ನ ತಾಳ್ಮೆ ಕಿತ್ತುಹೋಯಿತು.

"ಬ್ಯಾಡ್ರೀ! ಮೊದ್ಲು ಆ ವಿಮಾನ ಇಳಿಸ್ರಿ. ನಮ್ಮನೆಯೋರು ಯಾವತ್ತೂ ವಿಮಾನ ಓಡ್ಸಿಲ್ಲ. ನೆಲದ ಮ್ಯಾಲೆ ನಿಂತು ವಿಮಾನ ಹೊಡೆಯೋರು ಅವ್ರು!"

ಅತ್ತೆ ನನ್ನ ಸೆರಗು ಜಗ್ಗಿದರು. "ಸುಮ್ಕಿರೇ, ಮಂದಿ ಕೇಳ್ತಾರೆ."

"ಕೇಳ್ಲಿ ಅತ್ತೆ. ಈ ದೇವ್ರೂ ಕೇಳ್ಲಿ!" ಎಂದು ಸ್ವಾಮಿಯ ಕಡೆ ತಿರುಗಿದೆ. "ನಮ್ಮೋರು ಪೈಲಟ್ಟಂತ ತಿಳ್ಕಂಡು ಬ್ಯಾರೆ ಯಾರಿಗೋ ವರ ಕೊಡ್ತಾ ಕುಂತಿದೀಯೇನಪ್ಪಾ? ನಿನ್ ಕೈಯಾಗೂ ಬಿಲ್ಲು ಬಾಣ ಐತೆ. ನೀನೂ ನೆಲದ ಮ್ಯಾಲೆ ನಿಂತೇ ಹೊಡೆಯೋನು. ನಿನಗೂ ನಮ್ಮೋರ ಕಷ್ಟ ತಿಳೀಲಿಲ್ವಾ?"

ಅಯ್ಯನವರು ಒಂದು ಮಾತೂ ಬೈಯಲಿಲ್ಲ. ಸ್ಟೂಲು ಹಾಕಿಕೊಂಡು ವಿಮಾನ ಇಳಿಸಿ, ವಿಭೂತಿಯ ಜೊತೆ ನನ್ನ ಕೈಗಿಟ್ಟರು. "ಸರಿಯಾದ್ದು ಮಾಡಿಸ್ಕಂಡು ಬಾ ತಾಯಿ. ಸ್ವಾಮಿ ಕಾಯ್ತಾನೆ" ಎಂದರು.

ಚನ್ನಗಿರಿಯ ಅಕ್ಕಸಾಲಿಗರಿಗೆ ಕ್ಷಿಪಣಿ ಎಂದರೆ ಏನೆಂದೇ ಗೊತ್ತಿಲ್ಲ. "ಚಿತ್ರ ಬರೆಸ್ಕಂಡು ಬರ್ರಿ" ಎಂದರು. ಮನೆಗೆ ಬಂದು, ವಿಮಾನವನ್ನು ಯಜಮಾನರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. "ಎಲ್ಲರ ಮುಂದೆ ಹೇಳಿದ್ಯಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಟ್ರಂಕು ತೆಗೆದು, ರಾಜೀನಾಮೆಯ ಕಾಗದ ಎತ್ತಿಕೊಂಡು, ಅದರ ಬೆನ್ನಿಗೇ ಕ್ಷಿಪಣಿಯ ಚಿತ್ರ ಬರೆದರು. ಮೂತಿ, ಬಾಲದ ರೆಕ್ಕೆ, ಅಳತೆ ಎಲ್ಲ ಹಾಕಿ ಕೊಟ್ಟರು. ಆ ಕಾಗದ ಅಕ್ಕಸಾಲಿಗರ ಅಂಗಡಿಯಲ್ಲೇ ಉಳಿಯಿತು. ಸೋಮವಾರ ಅಂಚೆಗೆ ಏನೂ ಹೋಗಲಿಲ್ಲ.

ಮರುವರ್ಷ ಬಡ್ತಿ ಬಂತು. ಜೊತೆಗೆ ಅದೇ ದಳದ ಮುಖ್ಯಸ್ಥರ ಕುರ್ಚಿಯೂ ಬಂತು. ರೆಕ್ಕೆಯ ಬಿಲ್ಲೆ ಇಲ್ಲದವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲಂತೆ. ತಂತಿ ಓದಿ ನಾನು ಕುಣಿದಾಡಿದೆ. "ನೋಡ್ರೀ, ಸ್ವಾಮಿ ನಿಮ್ಮನ್ನ ಕೈಬಿಡ್ಲಿಲ್ಲ" ಎಂದೆ.

ರಜೆಗೆ ಬಂದಿದ್ದ ಯಜಮಾನರು ಮೆಲ್ಲಗೆ ಹೇಳಿದರು: "ಬಡ್ತಿಗಂತ ನಾನು ಯಾವತ್ತೂ ಬೇಡ್ಕಂಡಿಲ್ಲ ಕಣೆ. ನನ್ ಹೆಂಡ್ತಿ ಒಂದ್ಸಲನಾದ್ರೂ ಮಂದಿ ಮುಂದೆ ನನ್ ಕೆಲ್ಸ ಏನಂತ ಹೇಳ್ಲಿ ಅಂತ ಬೇಡ್ಕಂಡಿದ್ದೆ. ಅದನ್ನ ಸ್ವಾಮಿ ಹೋದ ವರ್ಷನೇ ಕೊಟ್ಟಾತು."

ಮದುವೆಯಾದಾಗಿನಿಂದ ಹನ್ನೆರಡು ವರ್ಷ ಊರವರ ಮೇಲೆ, ಪೈಲಟ್‌ಗಳ ಮೇಲೆ, ದೇವರ ಮೇಲೆ ಹಲ್ಲು ಕಡಿದಿದ್ದೆ. ಅಂದು ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಅದು ಆರದಿರಲಿ ಎಂದೇ ಸ್ವಾಮಿಯಲ್ಲಿ ಕೇಳಿಕೊಳ್ಳುತ್ತೇನೆ. ನನ್ನ ಬೈಗುಳವನ್ನೂ ಹರಕೆಯೆಂದು ಸ್ವೀಕರಿಸಿದ ಅವನ ಪಾದಕ್ಕೆ ಶರಣು.

ನೀವು ಆ ಗುಡಿಗೆ ಹೋದರೆ ತಲೆಯೆತ್ತಿ ನೋಡಿ, ಆ ವಿಮಾನ ಕರಗಿಸಿ ಮಾಡಿಸಿದ ಬೆಳ್ಳಿಯ ಕ್ಷಿಪಣಿ ತೂಗುತ್ತಿದೆ. ಇದು ಯಾರದೆಂದು ಕೇಳಿ. ಅಯ್ಯನವರು ಈಗ ಸರಿಯಾಗಿ ಹೇಳುತ್ತಾರೆ: "ನೆಲದ ಸಾಹೇಬ್ರದು."