ಐಬಿಲ್ಲದ ಹೋತ

ಹಮೀದ್ ಆ ಹೋತವನ್ನು ಮೊದಲು ಕಂಡದ್ದು ಕಲಬುರಗಿಯ ಕುರಿ ಸಂತೆಯಲ್ಲಿ, ಬಕ್ರೀದಿಗೆ ಇನ್ನೊಂದು ವಾರವಿದ್ದಾಗ. ಮುಂಜಾನೆ ಮಳೆ ಹನಿದು ನಿಂತಿತ್ತು. ನೆಲವೆಲ್ಲ ಹಿಕ್ಕೆ, ಕೆಸರು. ಸಾಲಾಗಿ ಕಟ್ಟಿದ್ದ ಮರಿಗಳು ಒಂದರ ಮೈಮೇಲೊಂದು ಬಿದ್ದು ಒದರುತ್ತಿದ್ದವು. ಸಾಲಿನ ತುದಿಯಲ್ಲಿದ್ದ ಒಂದು ಮಾತ್ರ ಹಗ್ಗ ಜಗ್ಗದೆ, ಕಾಲು ಅಗಲಿಸಿ ನಿಂತು, ಯಾರದೋ ಸೈಕಲ್ಲಿಗೆ ಕಟ್ಟಿದ್ದ ಬಾಳೆ ಎಲೆಯನ್ನು ಯಜಮಾನನಂತೆ ಮೆಲ್ಲಗೆ ತಿನ್ನುತ್ತಿತ್ತು. ಮೈಯೆಲ್ಲ ಇದ್ದಿಲು ಕಪ್ಪು. ಎರಡು ಕಿವಿ ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ.

ಕುರ್ಬಾನಿಗೆ ಕೊಡುವ ಪ್ರಾಣಿಯಲ್ಲಿ ಐಬು ಇರಬಾರದು. ಅದನ್ನು ಹೇಗೆ ನೋಡಬೇಕೆಂದು ಹಮೀದ್‌ಗೆ ಅವನ ತಂದೆ ಕಲಿಸಿದ್ದರು. ಅವನು ಕುಕ್ಕರುಗಾಲಲ್ಲಿ ಕೂತು ಕಣ್ಣ ಮುಂದೆ ಬೆರಳಾಡಿಸಿದ. ಎರಡೂ ಕಣ್ಣು ಬೆರಳಿನ ಬೆನ್ನು ಹತ್ತಿದವು. ಕಿವಿಯನ್ನು ಬೆಳಕಿಗೆ ಹಿಡಿದು ಸೀಳಿದೆಯೇ ಎಂದು ನೋಡಿದ. ಕೋಡಿನ ಬುಡ ಅಲುಗಿಸಿದ. ಅತ್ತಿತ್ತ ನಡೆಸಿ ಕುಂಟಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೊನೆಗೆ ತುಟಿ ಬಿಡಿಸಿದ. ಕೆಳದವಡೆಯ ಹಲ್ಲುಗಳು ಮೇಲಿನ ವಸಡಿಗೆ ಡಬ್ಬಿಯ ಮುಚ್ಚಳದಂತೆ ಸರಿಯಾಗಿ ಕೂಡುತ್ತಿದ್ದವು.

"ಇವು ಹಾಲಹಲ್ಲು. ವರ್ಷ ತುಂಬಿಲ್ಲಲ್ಲೋ ಇದಕ್ಕ," ಎಂದ ಹಮೀದ್.

"ತುಂಬತದ ತಗೋರಿ ಮಾಮಾ. ನಿಮ್ಮ ಮನ್ಯಾಗೇ ತುಂಬಲಿ," ಎಂದು ಮಾರುವವನು ನಕ್ಕ.

ವರ್ಷ ತುಂಬದ್ದು ಕುರ್ಬಾನಿಗೆ ಸಲ್ಲದು. ಹಮೀದ್ ಆ ಹಬ್ಬಕ್ಕೆ ಬೇರೊಂದನ್ನು ಕೊಂಡ. ಇದನ್ನು ಮುಂದಿನ ಹಬ್ಬಕ್ಕೆಂದು ಕೊಂಡ. ಎರಡನ್ನೂ ಲಗೇಜ್ ಆಟೋದಲ್ಲಿ ಹಾಕಿಕೊಂಡು ತನ್ನ ಊರು ಕಮಲಾಪುರಕ್ಕೆ ಬಂದ.

ಮುಂದಿನ ಹಬ್ಬ ಬರುವ ಹೊತ್ತಿಗೆ ಆ ಹೋತಕ್ಕೆ ಸರದಾರ ಎಂದು ಹೆಸರಾಗಿತ್ತು, ಮತ್ತು ಅದನ್ನು ಕೊಡುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಮೀದ್ ಆ ಸಲವೂ ಬೇರೊಂದನ್ನು ತಂದ. ಅಷ್ಟರಲ್ಲಿ ಓಣಿಯ ಹೆಂಗಸರು ಬೆದೆಗೆ ಬಂದ ತಮ್ಮ ಆಡುಗಳನ್ನು ಹಿಡಿದು ಅವನ ಬಾಗಿಲಿಗೆ ಬರತೊಡಗಿದ್ದರು.

ಹಮೀದ್ ಕಲಬುರಗಿ ದಾರಿಯ ಕಪನೂರಿನ ಒಂದು ಶೆಡ್ಡಿನಲ್ಲಿ ಕಬ್ಬಿಣದ ಗೇಟುಗಳನ್ನು ಬೆಸೆಯುವ ಕೆಲಸದವನು. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಅವನನ್ನು ಊರಲ್ಲಿ ಯಾರೂ ಗುರುತಿಟ್ಟು ಮಾತಾಡಿಸಿದವರಿರಲಿಲ್ಲ. ಈಗ ಬಸ್ ಸ್ಟ್ಯಾಂಡಿನಲ್ಲಿ, "ಸರದಾರನ ಹಮೀದಣ್ಣ ಬಂದಾನ, ಜಾಗ ಬಿಡ್ರಿ" ಎನ್ನುವವರು ಹುಟ್ಟಿಕೊಂಡರು. ಸರದಾರನ ಮರಿಗಳು ದಪ್ಪ, ಬೇಗ ಬೆಳೆಯುವಂಥವು. ಹೆಚ್ಚಿನವಕ್ಕೆ ಅದೇ ಬಿಳಿ ಕಿವಿ. ಬಿಳಿ ಕಿವಿಯ ಮರಿ ಹುಟ್ಟಿದರೆ ಜನ ಮಾರದೆ ಇಟ್ಟುಕೊಂಡರು. ಬೇರೆ ಬಣ್ಣದ್ದನ್ನು ಸಂತೆಗೆ ಕಳಿಸಿದರು. ನಾಲ್ಕು ವರ್ಷದಲ್ಲಿ ಊರಿನ ಮಂದೆಯ ಬಣ್ಣವೇ ತಿರುಗಿತು. ಬಸ್ಸಿನ ಕಿಟಕಿಯಿಂದ ನೋಡಿದರೆ ಬದುವಿನ ಮೇಲೆ, ಬಾಳೆ ತೋಟದ ಬೇಲಿಯಲ್ಲಿ, ಎಲ್ಲೆಲ್ಲೂ ಬಿಳಿ ಕಿವಿಗಳು ಅಲ್ಲಾಡುತ್ತಿದ್ದವು. ಹಮೀದ್‌ಗೆ ಅದನ್ನು ನೋಡಿದಾಗಲೆಲ್ಲ ಎದೆಯುಬ್ಬುತ್ತಿತ್ತು.

ಆಡು ಕಾಯುವ ಮುದುಕ ಜಗದೇವಪ್ಪ ಒಮ್ಮೆ ಅವನನ್ನು ತಡೆದು ಹೇಳಿದ್ದ: "ತಮ್ಮಾ, ಹೋತ ಎರಡು ವರ್ಷ ಒಂದೂರಾಗ. ಆಮ್ಯಾಲ ಊರು ಬಿಡಸಬೇಕು. ನಮ್ಮಪ್ಪ ಹಂಗೇ ಮಾಡ್ತಿದ್ದ. ಈಗ ನೋಡು, ಅದರ ಮಕ್ಕಳೇ ಅದರ ಬಾಗಲಿಗಿ ಬರಾಕತ್ಯಾವ."

"ಊರು ಬಿಡಸಾಕ ಅದೇನು ಕಳ್ಳತನ ಮಾಡ್ಯಾದೇನು ಕಾಕಾ?" ಎಂದು ಹಮೀದ್ ನಕ್ಕಿದ್ದ. ಸುತ್ತ ಇದ್ದವರೂ ನಕ್ಕಿದ್ದರು. ಜಗದೇವಪ್ಪ ಎಲೆ ಅಡಿಕೆ ಉಗುಳಿ ಹೋಗಿಬಿಟ್ಟಿದ್ದ.

ಆ ವರ್ಷ ಶ್ರಾವಣದಲ್ಲಿ ಹಮೀದನ ಮನೆಯದೇ ಒಂದು ಆಡು ಈಯಿತು. ಅದು ಸರದಾರನ ಮಗಳು, ಬಸಿರಾದದ್ದೂ ಸರದಾರನಿಂದಲೇ. ಮರಿ ಎದ್ದು ನಿಂತಿತು, ಮೊಲೆ ಹುಡುಕಿತು, ಬಾಯಿಗೂ ಹಾಕಿಕೊಂಡಿತು. ಆದರೆ ಹಾಲು ಬಾಯಿಯ ಪಕ್ಕದಿಂದ ಸೋರಿ ಕುತ್ತಿಗೆಗೆ ಇಳಿಯಿತು. ಹಮೀದ್ ಅದನ್ನೆತ್ತಿ ತುಟಿ ಬಿಡಿಸಿ ನೋಡಿದ. ಕೆಳದವಡೆ ಗಿಡ್ಡವಾಗಿ ಒಳಗೇ ಉಳಿದಿತ್ತು. ಮೇಲಿನದು ಗಿಣಿಯ ಕೊಕ್ಕಿನಂತೆ ಮುಂದೆ ಬಾಗಿತ್ತು. ಅವನ ಹೆಂಡತಿ ದಿಲ್ಶಾದ್ ಬೇಗಂ ಚಮಚದಿಂದ ಹಾಲು ಹಾಕಿ ನೋಡಿದಳು. ಹಾಲು ಮೂಗಿಗೇರಿತು. ಮರುದಿನ ಮರಿ ಸತ್ತಿತು.

ಹಮೀದ್ ಅದನ್ನು ಮನೆಯ ಹಿಂದಿನ ಜಾಲಿಯ ಬುಡದಲ್ಲಿ ಹೂಳಿದ. ಯಾರಾದರೂ ಕೇಳಿದರೆ ಹುಟ್ಟುವಾಗಲೇ ಸತ್ತಿತ್ತು ಎನ್ನಬೇಕೆಂದು ಹೆಂಡತಿಗೆ ಹೇಳಿದ.

"ಝೂಟ್ ಕೈಕು ಬೋಲ್ನಾ ಜೀ?" ಎಂದಳು ದಿಲ್ಶಾದ್. ಸುಳ್ಳು ಯಾಕೆ ಹೇಳಬೇಕು? ಬಸ್ ಸ್ಟ್ಯಾಂಡಿನಲ್ಲಿ ಜಾಗ ಬಿಡುವವರ ಮುಖಗಳು ಹಮೀದನ ಕಣ್ಣ ಮುಂದೆ ಬಂದವು.

ಅದೇ ವಾರ ನೆರೆಮನೆಯ ಶಾರದಾಬಾಯಿ ತನ್ನ ಎರಡು ಆಡುಗಳನ್ನು ಹಿಡಿದುಕೊಂಡು ಬಂದಳು. ಎರಡೂ ಬಿಳಿ ಕಿವಿಯವು. "ಹಮೀದಣ್ಣ, ಬಿಡಪಾ ನಿನ್ನ ಸರದಾರನ್ನ," ಎಂದಳು. ಜಾಲಿಯ ಬುಡದ ಮಣ್ಣು ಇನ್ನೂ ಹಸಿಯಾಗಿತ್ತು. ಹಮೀದ್ ಹಗ್ಗ ಬಿಚ್ಚಿದ.

ದೀಪಾವಳಿಯ ಮರುದಿನ ಸೂರ್ಯ ಮುಳುಗುವ ಹೊತ್ತಿಗೆ ಗ್ರಹಣ ಹಿಡಿಯಿತು. ಶಾರದಾಬಾಯಿಯ ಆಡುಗಳು ಬದುವಿನಲ್ಲಿ ಕಟ್ಟಿದ್ದಲ್ಲೇ ಒದರುತ್ತಿದ್ದವು. ಅವಳ ಸೊಸೆ ಕಾವೇರಿ ಹೋಗಿ ಬಿಚ್ಚಿಕೊಂಡು ಬಂದಳು. ತಾನು ಬಸಿರಿ ಎಂಬುದು ಆಗ ಅವಳಿಗೇ ಗೊತ್ತಿರಲಿಲ್ಲ.

ಎಳ್ಳಮಾವಾಸ್ಯೆ ಕಳೆದ ಮೇಲೆ ಆಡುಗಳು ಈದವು. ನಾಲ್ಕು ಮರಿಗಳಲ್ಲಿ ಎರಡಕ್ಕೆ ಗಿಣಿಬಾಯಿ. ಶಾರದಾಬಾಯಿ ಹೌಹಾರಿದಳು. ನೆನಪು ಮಾಡಿಕೊಂಡಳು. ನೆನಪಾದದ್ದು ಗ್ರಹಣ.

"ಗ್ರಹಣದಾಗ ಆಡು ಹೊರಗ ಬಿಟ್ಟಿ, ನೀನೂ ಹೊರಗ ಹೋದಿ! ಮರಿ ಬಾಯಿ ಹಿಂಗ ಆಗ್ಯಾದ. ನಿನ್ನ ಹೊಟ್ಯಾಗಿಂದು ಹ್ಯಾಂಗ ಬರತದೋ ಏನೋ, ಶರಣಬಸಪ್ಪಾ, ನೀನೇ ಕಾಯಪ್ಪಾ ದೇವರಾ!" ಗೋಡೆಯಾಚೆಯಿಂದ ದಿನವೂ ಇದು ಕೇಳಿಸುತ್ತಿತ್ತು. ಒಮ್ಮೊಮ್ಮೆ ಬೈಗುಳ, ಒಮ್ಮೊಮ್ಮೆ ಅಳು. ಕಾವೇರಿಯ ದನಿ ಮಾತ್ರ ಕೇಳಿಸುತ್ತಿರಲಿಲ್ಲ. ಆ ಹುಡುಗಿ ಉಣ್ಣುವುದನ್ನೇ ಬಿಟ್ಟಿದ್ದಾಳೆ ಎಂದು ದಿಲ್ಶಾದ್ ಹೇಳಿದಳು. ಗಂಡನ ಮುಖ ನೋಡದೆ ಹೇಳಿದಳು.

ಶಾರದಾಬಾಯಿ ಪಶು ಡಾಕ್ಟರನ್ನೂ ಕರೆಸಿದಳು. ಡಾಕ್ಟರ್ ನಾಗರತ್ನಾ ಅಂಗಳದಲ್ಲಿ ಕೂತು ಮರಿಗಳ ಬಾಯಿ ನೋಡಿದರು. ಹಮೀದನನ್ನೂ ಕರೆದರು. ಆಡು ಕಟ್ಟಿದ್ದ ಹಗ್ಗದ ತುದಿ ಬಿಚ್ಚಿ ತೋರಿಸಿದರು.

"ಇದರಾಗ ಎರಡು ಎಳಿ ಅದಾವಿಲ್ಲೋ? ಮರಿ ಮೈಯಾಗ ಒಂದೊಂದು ಗುಣಕ್ಕೂ ಹಿಂಗ ಎರಡು ಎಳಿ ಇರ್ತಾವ. ಒಂದು ತಾಯಿದು, ಒಂದು ತಂದಿದು. ಒಂದು ಕೊಳೆತಿದ್ರೂ ಇನ್ನೊಂದು ಹಿಡದಿರತದ. ಹೊರಗಿನವ್ರಿಗಿ ಗೊತ್ತೇ ಆಗಂಗಿಲ್ಲ. ಕೊಳೆತ ಎಳಿ ಎರಡೂ ಕಡಿಂದ ಬಂದ್ರ ಹಗ್ಗ ಹರೀತದ."

"ಗ್ರಹಣಕ್ಕೂ ಹಗ್ಗಕ್ಕೂ ಏನ್ ಸಂಬಂಧ್ರಿ?" ಎಂದಳು ಶಾರದಾಬಾಯಿ.

"ಗ್ರಹಣದಿಂದ ಬಾಯಿ ಕೆಡಂಗಿಲ್ಲವಾ. ಆದ್ರ ಇದು ರಕ್ತದಾಗ ಬಂದದ್ದೇ ಅಂತ ಎರಡು ಮರಿ ನೋಡಿ ಹೇಳಾಕ ಬರಂಗಿಲ್ಲ. ಮೇವಿನಾಗ ಯಾವುದಾರ ವಿಷದ ಗಿಡ ಇದ್ದಿರಬಹುದು." ಡಾಕ್ಟರ್ ಹಮೀದನ ಕಡೆ ತಿರುಗಿದರು. "ಹಮೀದ್ ಭಾಯಿ, ಊರಾಗಿನ ಆಡೆಲ್ಲ ನಿಮ್ಮ ಹೋತದ ಮಕ್ಕಳು. ಅದರ ಮರ್ಯಾಗ ಇಂಥದ್ದು ಮೊದಲ ಎಲ್ಯಾರ ಹುಟ್ಟಿತ್ತೇನು? ಗ್ರಹಣಕ್ಕಿಂತ ಮೊದಲ?"

ಬಾಗಿಲ ಹಿಂದೆ ಕಾವೇರಿ ನಿಂತಿದ್ದಳು. ಸೀರೆಯ ಸೆರಗಷ್ಟೇ ಕಾಣುತ್ತಿತ್ತು.

"ಇಲ್ರೀ ಡಾಕ್ಟರ್ಬಾಯಿ," ಎಂದ ಹಮೀದ್. "ನನ್ನ ಕಣ್ಣಿಗಿ ಬಿದ್ದಿಲ್ಲ."

ಸೆರಗು ಒಳಗೆ ಸರಿಯಿತು. ಶಾರದಾಬಾಯಿ ಕೊಟ್ಟ ಚಹಾವನ್ನು ಅವನು ಕುಡಿದೂ ಬಂದ.

ಅಂದಿನಿಂದ ಬಸ್ಸಿನ ಕಿಟಕಿಯ ಕಡೆ ಕೂರುವುದನ್ನು ಅವನು ಬಿಟ್ಟ. ಆದರೂ ಬಿಳಿ ಕಿವಿಗಳು ಕಣ್ಣಿಗೆ ಬೀಳುತ್ತಿದ್ದವು. ಯಾವ ಆಡಿನ ಮೈಯಲ್ಲಿ ಆ ಕೊಳೆತ ಎಳೆ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಹೇಳುವ ಹಾಗಿರಲಿಲ್ಲ. ಅಪ್ಪ ಕಲಿಸಿದ ಕಣ್ಣು, ಕಿವಿ, ಕೋಡು, ಕಾಲಿನ ಪರೀಕ್ಷೆಯಲ್ಲಿ ಸರದಾರ ಇಂದಿಗೂ ಪಾಸಾಗುತ್ತಿದ್ದ. ಸಂಜೆ ಮನೆಗೆ ಬಂದರೆ ಅದು ಮೊದಲಿನಂತೆಯೇ ಅವನ ಅಂಗೈ ಮೂಸುತ್ತಿತ್ತು. ಅದಕ್ಕೆ ಏನು ಗೊತ್ತು? ಗೊತ್ತಿದ್ದವನು ತಾನು. ನಮಾಜಿಗೆ ನಿಂತಾಗಲೂ ಆ ಬಾಗಿಲು, ಆ ಸೆರಗು.

ಒಂದು ಮುಂಜಾನೆ ಅದೇ ಬಸ್ಸಿಗೆ ಕಾವೇರಿ ಮತ್ತು ಅವಳ ಗಂಡ ಶಿವಲಿಂಗ ಹತ್ತಿದರು. ಹಮೀದನ ಹಿಂದಿನ ಸೀಟಿನಲ್ಲೇ ಕೂತರು. ಕಾವೇರಿಗೆ ಐದನೇ ತಿಂಗಳು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಸ್ಕ್ಯಾನಿಂಗ್ ಮಾಡಿಸಲು ಹೊರಟಿದ್ದರು. ಅವಳ ಮುಖ ಸೊರಗಿ ಕಣ್ಣಷ್ಟೇ ಉಳಿದಿತ್ತು.

ಬಸ್ಸು ಊರು ದಾಟಿದ ಮೇಲೆ ಅವಳು ಮುಂದೆ ಬಾಗಿ ಕೇಳಿದಳು. "ಕಾಕಾ, ನೀವು ಭಾಳ ಮರಿ ನೋಡೀರಿ. ಡಾಕ್ಟರ್ ಅಲ್ಲಂತಾರ, ಅತ್ತಿ ಹೌದಂತಾರ. ಗ್ರಹಣದಿಂದೇ ಆಗಿದ್ದೇನು ಅದು? ಖರೇ ಹೇಳ್ರಿ."

"ಸುಮ್ಮ ಕೂಡ್ರು," ಎಂದ ಶಿವಲಿಂಗ. "ಮುಂಜಾನೆದ್ದು ಅದೇ ಮಾತು."

ಕಪನೂರು ಬಂತು. ಕಂಡಕ್ಟರ್ ಕೂಗಿದ. ಹಮೀದ್ ಊಟದ ಡಬ್ಬಿ ಹಿಡಿದು ಎದ್ದ, ಬಾಗಿಲವರೆಗೂ ಹೋದ. ತಿರುಗಿ ಬಂದು ಕೂತ.

"ಏ ಚಾಚಾ, ನಿಮ್ಮ ಟಿಕೆಟ್ ಇಲ್ಲಿಗೇ ಮುಗೀತು."

"ಮುಂದಿಂದು ಕೊಡ್ರಿ," ಎಂದ ಹಮೀದ್. ಆಮೇಲೆ ಹಿಂದಕ್ಕೆ ತಿರುಗಿ ಸೀಟಿನ ಕಂಬಿ ಹಿಡಿದು ಹೇಳಿದ: "ಗ್ರಹಣ ಅಲ್ಲವಾ. ನಮ್ಮ ಮನ್ಯಾಗ ಇಂಥದ್ದೇ ಮರಿ ಹುಟ್ಟಿತ್ತು. ಅದಕ್ಕೂ ಮೊದಲ. ನಾನೇ ಹುಗದೀನಿ."

"ಯಾವಾಗ?"

"ಶ್ರಾವಣದಾಗ. ನಿಮ್ಮ ಆಡು ನಮ್ಮಲ್ಲಿ ಬರೂದಕ್ಕಿಂತ ಮೊದಲ. ಗೊತ್ತಿದ್ದೂ ಹಗ್ಗ ಬಿಚ್ಚೀನಿ ನಾನು."

"ಶ್ರಾವಣದಾಗ," ಎಂದಳು ಕಾವೇರಿ. ಮತ್ತೊಮ್ಮೆ ತುಟಿಯಲ್ಲೇ ಹೇಳಿಕೊಂಡಳು. ಶ್ರಾವಣ ಮೊದಲು, ದೀಪಾವಳಿ ಆಮೇಲೆ. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಶಿವಲಿಂಗನ ದನಿ ಏರಿತು. "ನಮ್ಮ ಅಂಗಳದಾಗ ಕುಂತು, ನಮ್ಮ ಚಾ ಕುಡದು, ಡಾಕ್ಟರ್ ಮುಂದ ಇಲ್ಲ ಅಂದ್ರೆಲ್ಲ! ಮನಷ್ಯಾರೇನು ನೀವು?" ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಮೀದ್ ತಲೆ ಎತ್ತಲಿಲ್ಲ.

"ಬೈದ್ರ ಏನ್ ಬಂತು," ಎಂದಳು ಕಾವೇರಿ. "ಕಾಕಾ, ನನ್ನ ಮುಂದ ಹೇಳಿದ್ದು ಸಾಲಂಗಿಲ್ಲ. ಅತ್ತಿ ಮುಂದ ಹೇಳ್ರಿ."

ಸ್ಕ್ಯಾನಿಂಗ್ ಮುಗಿಯುವವರೆಗೂ ಹಮೀದ್ ಆಟೋಗಳ ಗದ್ದಲದ ನಡುವೆ ರಸ್ತೆಯಾಚೆ ನಿಂತೇ ಇದ್ದ. ಹೊರಗೆ ಬಂದ ಶಿವಲಿಂಗ ಅವನ ಕಡೆ ನೋಡದೆ, ಗಾಳಿಗೆ ಹೇಳುವವನಂತೆ, "ಕೂಸು ಚೆಂದ ಅದ ಅಂದ್ರು," ಎಂದ. ಮೂವರೂ ಒಂದೇ ಬಸ್ಸಿಗೆ ಮರಳಿದರು, ಬೇರೆ ಬೇರೆ ಸೀಟಿನಲ್ಲಿ.

ಶಾರದಾಬಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಹಮೀದ್ ಕೂರದೆ, ನಿಂತೇ ಎಲ್ಲ ಹೇಳಿದ. ಜಾಲಿಯ ಬುಡವನ್ನೂ ಹೇಳಿದ. ಮೊರ ಅವಳ ಕೈಯಲ್ಲೇ ನಿಂತಿತು.

"ಎಳ್ಳಮಾವಾಸಿ ಆದಾಗಿಂದ ಈ ಹುಡುಗಿಗಿ ಬಾಯಿಗಿ ಬಂದಂಗ ಬೈದೀನಲ್ಲೋ," ಎಂದಳು. "ಗ್ವಾಡಿ ಆಚಿ ಕುಂತು ಎಲ್ಲಾ ಕೇಳಿದಿ. ಆ ಪಾಪ ಯಾರದು ಹಮೀದಣ್ಣ, ನಂದೋ, ನಿಂದೋ?"

"ನಂದೇರೀ ಅಕ್ಕಾ."

"ಅಲ್ಲ. ಅರ್ಧ ನಂದೂ ಅದ," ಎಂದು ಅವಳು ಎದ್ದು ಒಳಗೆ ಹೋದಳು. ಒಳಗಿನಿಂದ, "ಕಾವೇರಿ, ಉಂಡಿದ್ದೇನವ್ವಾ?" ಎಂಬ ಮಾತು ಕೇಳಿಸಿತು. ಹಮೀದ್‌ಗೆ ಯಾರೂ ಕೂರು ಎನ್ನಲಿಲ್ಲ.

ಮರುದಿನ ಅವನು ಡಾಕ್ಟರ್ ನಾಗರತ್ನಾ ಅವರಲ್ಲಿ ಹೋದ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಡುಗಳನ್ನೆಲ್ಲ ಮಾರಬೇಕಾಗಿಲ್ಲ ಎಂದರು. "ಸರದಾರಂದೂ ಅದರ ಗಂಡು ಮಕ್ಕಳದೂ ಬೀಜ ಒಡೀಬೇಕು. ದೂರದ, ಬ್ಯಾರೆ ರಕ್ತದ ಹೋತ ತರಬೇಕು. ಆಗ ಕೊಳೆತ ಎಳಿಗಿ ಜೋಡಿ ಸಿಗಂಗಿಲ್ಲ, ಗಿಣಿಬಾಯಿ ಕಾಣಂಗಿಲ್ಲ. ಆದ್ರ ಎಳಿ ಒಮ್ಮೆಲೆ ಹೋಗೂದಿಲ್ಲ. ಪೀಳಿಗಿಗೊಮ್ಮೆ ಅರ್ಧ ಕಡಿಮಿ ಆಕ್ಕೋತ ಹೋಗತದ."

"ಅಂದ್ರ ನಾನು ಸತ್ತ ಮ್ಯಾಲೂ ಇರತದೇನ್ರೀ?"

"ಒಂದಿಷ್ಟು ಇರತದ," ಎಂದರು ಡಾಕ್ಟರ್.

ಬೀಜ ಒಡೆಯುವಾಗ ಸರದಾರನನ್ನು ಹಮೀದನೇ ಹಿಡಿದುಕೊಂಡ. ಅದು ಒದರಲಿಲ್ಲ, ಅವನ ತೊಡೆಗೆ ತಲೆಯೊತ್ತಿ ನಿಂತಿತು. ಆಮೇಲೆ ಅವನು ಮನೆ ಮನೆಗೆ ಹೋದ. ಕೆಲವರು ಬಾಗಿಲಲ್ಲೇ ಬೈದರು. ತಮ್ಮ ಮನೆಯಲ್ಲೂ ಅಂಥ ಮರಿ ಹುಟ್ಟಿತ್ತು, ನಾಚಿಕೆಗೆ ಹೇಳಿರಲಿಲ್ಲ ಎಂದು ಇಬ್ಬರು ಹೆಂಗಸರು ಆಗ ಬಾಯಿಬಿಟ್ಟರು. ಬಿಳಿ ಕಿವಿಯ ಗಂಡುಗಳನ್ನು ಬೀಜ ಒಡೆಸಲು ಕಳಿಸಿಕೊಟ್ಟವರು ಎಷ್ಟೋ ಜನ, ಕೊಡದವರೂ ಇದ್ದರು. ಜಗದೇವಪ್ಪನ ಮನೆಗೆ ಹೋಗಲು ಮಾತ್ರ ಹಮೀದನ ಕಾಲು ಎಳೆಯಿತು.

"ಈಗರೆ ಗೊತ್ತಾತಿಲ್ಲೋ, ಊರು ಯಾಕ ಬಿಡಸಬೇಕಂತ?" ಎಂದ ಮುದುಕ. "ನಮ್ಮಪ್ಪಗೂ ಯಾಕ ಅನ್ನೂದು ಗೊತ್ತಿರಲಿಲ್ಲ ತಗೋ. ಮಾಡ್ತಿದ್ದ, ಅಷ್ಟೇ. ಚಾ ಕುಡೀತಿಯೇನು?"

ಹಮೀದ್ ಬೇಡವೆಂದ. ಯಾರ ಅಂಗಳದಲ್ಲೂ ಚಹಾ ಕುಡಿಯುವುದು ಅವನಿಗೆ ಈಗ ಆಗುವುದಿಲ್ಲ.

ಕಾವೇರಿಗೆ ಹೆಣ್ಣು ಕೂಸಾಯಿತು. ದಿಲ್ಶಾದ್ ನೋಡಿ ಬಂದಳು. ಹಮೀದ್ ಓಣಿಯಲ್ಲಿ ಕಾವೇರಿ ಎದುರಾದಾಗಲೆಲ್ಲ ಕೂಸಿನ ಬಾಯಿಯನ್ನು ಮೊದಲು ನೋಡುತ್ತಾನೆ. ನೋಡಿ, ನೋಡಿದ್ದಕ್ಕೆ ನಾಚಿಕೊಳ್ಳುತ್ತಾನೆ. ವರ್ಷಕ್ಕೆ ಒಂದೆರಡು ಗಿಣಿಬಾಯಿಯ ಮರಿಗಳು ಊರಲ್ಲಿ ಇನ್ನೂ ಹುಟ್ಟುತ್ತವೆ. ಹುಟ್ಟಿದ ಮನೆಯವರು ಅವನಿಗೆ ಹೇಳಿ ಕಳಿಸುತ್ತಾರೆ. ಅವನು ಹೋಗುತ್ತಾನೆ.

ಹಮೀದ್ ಈಗ ವಾರದ ಆರು ದಿನ ಕಪನೂರಿನಲ್ಲಿ ಗೇಟು ಬೆಸೆಯುತ್ತಾನೆ. ಭಾನುವಾರ ಲಗೇಜ್ ಆಟೋ ಮಾಡಿಕೊಂಡು ದೂರದ ಊರುಗಳಿಂದ ಹೋತಗಳನ್ನು ತಂದು ಕಮಲಾಪುರದಲ್ಲಿ ಬಿಡುತ್ತಾನೆ. ಊರಲ್ಲಿ ಎರಡು ವರ್ಷ ಕಳೆದವನ್ನು ಬೇರೆ ಊರಿಗೆ ಒಯ್ಯುತ್ತಾನೆ.