ದಿನಕ್ಕೆ ಹತ್ತೇ ಪುಟ

ನಾನೇ ಬರೆದು ಹಾಕಿದ ಕಾದಂಬರಿಯೊಂದು ತಿಂಗಳ ಚಂದಾದ ಓದುವ ಆ್ಯಪಿನಲ್ಲಿದೆ. ಜನ ಓದಿದಷ್ಟು ಪುಟಕ್ಕೇ ಆ್ಯಪಿನವರು ನನಗೆ ದುಡ್ಡು ಕೊಡೋದು. ಅವರ ಲೆಕ್ಕದಲ್ಲಿ ದಿನಾ ಹತ್ತೇ ಪುಟ ಓದಿದ್ದು ಕಾಣುತ್ತಿತ್ತು. ಯಾರೋ ಬೇಜಾರಲ್ಲೇ ಓದುತ್ತಿದ್ದಾರೆ ಅಂತ ಒಳಗೊಳಗೇ ಕೊರಗುತ್ತಿದ್ದೆ.

ಹೊಲಿಗೆ ದಾರ ಮಾರೋದು ನನ್ನ ಕೆಲಸ. ಮೊನ್ನೆ ದಾವಣಗೆರೆಯಿಂದ ಹರಿಹರದ ಟೈಲರಿಂಗ್ ಅಂಗಡಿಯೊಂದಕ್ಕೆ ಹೋದರೆ, ಊಟದ ಹೊತ್ತು. ಒಬ್ಬಾಕೆ ಮೊಬೈಲ್ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು, ಉಳಿದ ಐವರು ಬುತ್ತಿ ಬಿಚ್ಚಿಕೊಂಡು ಕೇಳುತ್ತಿದ್ದರು. ನನ್ನದೇ ಕಾದಂಬರಿ!

"ಹತ್ತು ಪುಟ ಆತು. ಉಳಿದಿದ್ದು ನಾಳೆ, ಏಳ್ರಿ," ಅಂದಳು.

ಎದೆ ಹಗುರಾಯಿತು. ಆರು ಜನ ಸೇರಿ ಓದಿದರೂ ನನಗೆ ಸಿಗೋದು ಒಬ್ಬರ ದುಡ್ಡೇ, ಇರಲಿ. "ಬರೆದೋನು ನಾನೇ ರೀ," ಅಂದೆ.

"ಹೌದೇನ್ರಿ! ಹಂಗಾರೆ ಹೇಳ್ರಿ, ಕೊನೆಗೆ ಆಕಿ ಗಂಡನ್ನ ಬಿಡ್ತಾಳಾ?"

ಆರೂ ಮುಖ ನನ್ನ ಕಡೆ ತಿರುಗಿದವು.

"ಮರ್ತು ಹೋಗೈತ್ರಿ," ಅಂದೆ. ಅವರು ಓದೋದು ಇನ್ನೂ ಎಂಬತ್ತು ಪುಟ ಬಾಕಿ ಇತ್ತು.