ಬೈಂಡರ್ ಮುನಿರಾಜಪ್ಪನವರ ರೋಮ್

ಮುನಿರಾಜಪ್ಪನವರು ಜೂಲಿಯಸ್ ಸೀಸರನನ್ನು ‘ನಮ್ ಸೀಜರಪ್ಪ’ ಎನ್ನುತ್ತಿದ್ದರು, ಕಾಡುಗೋಡಿಯ ಯಾರೋ ದಾಯಾದಿಯ ಬಗ್ಗೆ ಹೇಳುವಂತೆ.

ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಲು ಅವರನ್ನು ಕರೆಸಿದ್ದೆವು. ಪೀಣ್ಯದ ಪ್ರೆಸ್ಸೊಂದರಲ್ಲಿ ಆಯುಷ್ಯವೆಲ್ಲ ಬೈಂಡಿಂಗ್ ಮಾಡಿದವರು. ಕಾಲೇಜಿನ ಚರಿತ್ರೆ ಪುಸ್ತಕಗಳನ್ನು ಹೊಲಿಯುವ ಮೊದಲು ಓದಿಬಿಡುತ್ತಿದ್ದರಂತೆ. ಭಾನುವಾರ ಅಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದವಳು ನಾನು. ದಾವಣಗೆರೆಯಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಅವರೂ ಕೆಲಸದ ನಡುವೆ ರೋಮಿನ ಕಥೆ ಹೇಳತೊಡಗಿದರು; ಮೂರೇ ವಾರಕ್ಕೆ ಮಕ್ಕಳೆಲ್ಲ ಅವರ ಅಂಟಿನ ಡಬ್ಬಿಯ ಸುತ್ತ ಕೂತರು. ನನ್ನ ಮಗಳು ಎಲ್ಲರಿಗಿಂತ ಮುಂದೆ.

ರೋಮಿನ ಶ್ರೀಮಂತರು ಒರಗಿಕೊಂಡೇ ಉಣ್ಣುತ್ತಿದ್ದುದನ್ನು ತೋರಿಸಲು ಅವರು ಜಮಖಾನದ ಮೇಲೆ ಮೊಣಕೈಯೂರಿ ಒರಗುತ್ತಿದ್ದರು. ಸೀಸರ್ ದಂಡು ಕಟ್ಟಿಕೊಂಡು ಗಡಿಯ ಹೊಳೆ ದಾಟಿದ್ದನ್ನು ಹೀಗೆ ಹೇಳುತ್ತಿದ್ದರು: “ದೊಡ್ಡ ಒಳೆ ಅಲ್ಲ ಕಣ್ರಪ್ಪಾ, ಪಂಚೆ ಎತ್ತಿ ಕಟ್ಟುದ್ರೆ ದಾಟ್ಬೋದು. ಆದ್ರೆ ದಾಟುದ್ಮೇಲೆ ಇಂದಕ್ಕೆ ಬರಂಗಿಲ್ಲ.” ಅಳಿಯ ಪಾಂಪೆಗೂ ಮಾವ ಸೀಸರನಿಗೂ ನಡುವೆ ಇದ್ದ ಮಗಳು ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಹೇಳಿದ ದಿನ ನನ್ನ ಮಗಳು ಅತ್ತಳು. ನಾನು ಹೇಳಿದ ಯಾವ ಕಥೆಗೂ ಅವಳು ಅತ್ತಿರಲಿಲ್ಲ.

ಮುಂದಿನ ವಾರ ಅವರು ಸೀಸರನನ್ನು ಚಕ್ರವರ್ತಿ ಎಂದರು. ನಾನು ಎಲ್ಲರೆದುರು ಎದ್ದು, ಅವನು ಚಕ್ರವರ್ತಿ ಆಗಲೇ ಇಲ್ಲ, ಆ ಪದವಿ ಬಂದದ್ದು ಅವನ ನಂತರ ಎಂದೆ.

“ಔದಾ ಮೇಡಂ? ಆಗಾದ್ರೆ ನೀವೇ ಏಳಿ, ನಾನೂ ಕೇಳ್ತೀನಿ,” ಎಂದು ಮಕ್ಕಳ ನಡುವೆ ಕೂತರು.

ನಾನು ಸೆನೆಟ್ಟು, ಅಧಿಕಾರ ಹಂಚಿಕೆ ಎಂದೆಲ್ಲ ಅರ್ಧ ಗಂಟೆ ಹೇಳಿದೆ. ಮಕ್ಕಳು ಒಬ್ಬೊಬ್ಬರಾಗಿ ಆಡಲು ಹೋದರು. ಕೊನೆಯವರೆಗೆ ಕೂತು ಕೇಳಿದವರು ಅವರೊಬ್ಬರೇ. ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಮಕ್ಕಳಿಗೆ ತಪ್ಪು ಚರಿತ್ರೆ ಹೋಗುತ್ತಿದೆ ಎಂದು ಸೆಕ್ರೆಟರಿಗೆ ದೂರು ಕೊಟ್ಟೆ. ಮುನಿರಾಜಪ್ಪನವರು ಕಥೆ ನಿಲ್ಲಿಸಿ, ಉಳಿದ ಪುಸ್ತಕಗಳನ್ನು ಮುಗಿಸಿ ಹೋದರು. ನನ್ನ ಭಾನುವಾರಕ್ಕೆ ಮಕ್ಕಳು ಮರಳಲಿಲ್ಲ.

ಆರು ತಿಂಗಳ ಮೇಲೆ ಕಾಡುಗೋಡಿ ಮಾರ್ಕೆಟ್ಟಿನಲ್ಲಿ ಸಿಕ್ಕರು. ತುಂಬ ಇಳಿದುಹೋಗಿದ್ದರು. ತಡೆಯಲಾರದೆ, ಅವತ್ತು ದೂರು ಕೊಟ್ಟವಳು ನಾನೇ ಎಂದುಬಿಟ್ಟೆ.

“ಗೊತ್ತು ಮೇಡಂ, ಸೆಕ್ರೆಟ್ರಿ ಆವತ್ತೇ ಏಳಿದ್ರು,” ಎಂದರು. “ತಪ್ಪು ತಿದ್ದುದ್ರಲ್ಲ, ಅದು ಒಳ್ಳೇದಾಯ್ತು. ಈಗ ಮೊಮ್ಮಕ್ಳಿಗೆ ಸರಿಯಾಗಿ ಏಳ್ತೀನಿ. ಮಗಳು ಎಂಗವ್ಳೆ?”

ಚೆನ್ನಾಗಿದ್ದಾಳೆ ಎಂದೆ. ಮನೆಗೆ ಬನ್ನಿ ಎಂದು ಕರೆಯಬೇಕಿತ್ತು, ಕರೆಯಲಿಲ್ಲ. ಆ ವರ್ಷವೇ ಅವರು ತೀರಿಕೊಂಡರು.

ಮೊನ್ನೆ ಮಗಳು ಪಕ್ಕದ ಮನೆಯ ಪುಟ್ಟಿಗೆ ರೋಮಿನ ಕಥೆ ಹೇಳುತ್ತಿದ್ದಳು. ಅಡುಗೆಮನೆಯಿಂದ ಕೇಳಿಸಿಕೊಂಡೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾ, ಎಲ್ಲಿ ದನಿ ತಗ್ಗಿಸಬೇಕೋ ಅಲ್ಲಿ ತಗ್ಗಿಸುತ್ತಾ, ಥೇಟ್ ಅವರ ಹಾಗೆ. ನನ್ನದೊಂದು ಮಾತೂ ಅದರಲ್ಲಿರಲಿಲ್ಲ. ನನಗೆ ಆಗಲೂ ಹೊಟ್ಟೆ ಉರಿಯಿತು.